ಖಾನಾವಳಿಯ ಮನೆಗೆ ಬುತ್ತಿ

ಬೈರಿದೇವರಕೊಪ್ಪದ ಹಿಂದಿದ್ದ ಗಾಳೆಮ್ಮನ ಗುಡ್ಡವನ್ನು ಗುಡ್ಡ ಎಂದು ಕರೆದರೆ ಘಟ್ಟ ಕಂಡವರು ನಗಬಹುದು. ನಗಲಿ. ಎರೆಹೊಲದ ಸಪಾಟು ನೆಲದಲ್ಲಿ ಹುಟ್ಟಿ ಬೆಳೆದವರಿಗೆ, ಏರುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾದದ್ದೆಲ್ಲ ಗುಡ್ಡವೇ. ಅದರ ನೆತ್ತಿಯ ಮೇಲೆ ನಿಂತರೆ ಒಂದು ಕಡೆ ಹುಬ್ಬಳ್ಳಿಗೆ ಹೋಗುವ ರೈಲು, ಇನ್ನೊಂದು ಕಡೆ ಧಾರವಾಡದ ಬಸ್ಸು ಕಾಣುತ್ತಿದ್ದವು. ಆ ನೆತ್ತಿಯಲ್ಲಿ ಕಲ್ಲಿನ ಗೋಡೆ, ತಗಡಿನ ಮಾಡಿನ ಒಂದು ಖಾನಾವಳಿ. ಹೆಸರಿನ ಫಲಕ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಫಲಕ. ಗಾಳಿ ಸರಿಯಾಗಿ ಬೀಸಿದರೆ ಅದು ಕೆಳಗಿನ ಓಣಿಯವರೆಗೂ ಕೇಳುತ್ತಿತ್ತು.

ಆ ಸಪ್ಪಳ ಚನ್ನಬಸವ್ವನ ಕೈಯದು. ಗರಗದ ಹುಡುಗಿ, ನೀಲಕಂಠಪ್ಪನ ಹೆಂಡತಿಯಾಗಿ ಗುಡ್ಡ ಹತ್ತಿದಾಗ ಇನ್ನೂ ಹದಿನಾರು ತುಂಬಿರಲಿಲ್ಲ. ಮದುವೆಯ ಅರಿಷಿಣ ಇಳಿಯುವ ಮೊದಲೇ ಅತ್ತೆ ಅವಳನ್ನು ಹಂಚಿನ ಮುಂದೆ ಕೂಡಿಸಿ, "ಇನ್ನ ನನ್ನ ರಟ್ಟಿಗೆ ಸೂಟಿ ನೋಡವಾ" ಎಂದು ಎದ್ದು ಹೋದವಳು ಸಾಯುವವರೆಗೂ ಆ ಮಣೆಯ ಮೇಲೆ ಮತ್ತೆ ಕೂಡಲಿಲ್ಲ. ಚನ್ನಬಸವ್ವ ಏಳಲಿಲ್ಲ. ಮಕ್ಕಳಾಗಿದ್ದರೆ ಬಾಣಂತನದ ನೆಪದಲ್ಲಾದರೂ ನಾಲ್ಕು ದಿನ ಏಳುತ್ತಿದ್ದಳೇನೋ, ಮಕ್ಕಳಾಗಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಗಾದೆ ಮಾಡಿದವರು ಖಾನಾವಳಿಯಲ್ಲಿ ದುಡಿದವರಲ್ಲ. ಚನ್ನಬಸವ್ವನ ಕೈ ದಿನವೂ ಹಿಟ್ಟಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಬುಟ್ಟಿಯ ತಳದ ತಣ್ಣನೆಯ ರೊಟ್ಟಿ. ಎಲ್ಲರೂ ಉಂಡು ಹೋದ ಮೇಲೆ, ಒಲೆಯ ಬೂದಿ ಕೆದಕುತ್ತ, ಗೋಡೆಯ ಕಡೆ ಮುಖ ಮಾಡಿ ಉಣ್ಣುವುದು ಅವಳ ಪದ್ಧತಿ. ಅವಳು ಏನು ಉಂಡಳು, ಎಷ್ಟು ಉಂಡಳು ಎಂದು ಕಂಡವರಿಲ್ಲ.

ಅವಳಿಗೆ ಒಂದೇ ಒಂದು ಆಸೆ ಇತ್ತು. ತಾನು ಕುಳಿತಿರಬೇಕು, ಬೇರೆ ಯಾರಾದರೂ ಬಡಿಸಬೇಕು. ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಅವಳಿಗೇ ನಾಚಿಕೆ. ತವರಿಗೆ ಹೋದರೆ ಅಣ್ಣ ಬಸಣ್ಣನ ಹೆಂಡತಿ, "ನಿಮ್ಮ ಕೈ ರೊಟ್ಟಿ ತಿಂದು ಭಾಳ ದಿನಾ ಆತ್ರಿ" ಎಂದು ಹಿಟ್ಟಿನ ಪರಾತವನ್ನು ಮುಂದೆ ಸರಿಸುತ್ತಿದ್ದಳು. ಮದುವೆಗೆ ಹೋದರೆ, "ಬಂದ್ಲು ನೋಡ್ರಿ ಚನ್ನಬಸವ್ವ, ಇನ್ನ ರೊಟ್ಟಿ ಚಿಂತಿ ಇಲ್ಲ" ಎಂದು ಬೀಗರೇ ಕೈ ಹಿಡಿದು ಒಲೆಯ ಕಡೆ ಕರೆದೊಯ್ಯುತ್ತಿದ್ದರು. ಕೆಟ್ಟ ಮಂದಿ ಎಂದಲ್ಲ. ಬಾವಿಗೆ ನೀರಡಿಕೆ ಆಗುತ್ತದೆ ಎಂದು ಯಾರು ತಾನೆ ಯೋಚಿಸುತ್ತಾರೆ?

ನೀಲಕಂಠಪ್ಪ ಒಮ್ಮೆ ಪ್ರಯತ್ನ ಮಾಡಿದ, ಆ ಪುಣ್ಯ ಅವನಿಗಿರಲಿ. ತೊಂಬತ್ತಾರರ ಸುಮಾರಿಗೆ ಹುಬ್ಬಳ್ಳಿಗೆ ಸಂತೆಗೆ ಹೋದಾಗ ಅವಳನ್ನು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿ ಕೂಡಿಸಿದ. ದೋಸೆ ಬಂತು. ಚನ್ನಬಸವ್ವ ತಿಂದಳು, ತಿಂದು ಮುಗಿಸಿದ್ದೇ ತಡ, ಇಬ್ಬರ ತಟ್ಟೆಯನ್ನೂ ಎತ್ತಿಕೊಂಡು ತೊಳೆಯುವ ಜಾಗ ಎಲ್ಲಿ ಎಂದು ಹುಡುಕುತ್ತ ಹೊರಟಳು. ಇಡೀ ಹೋಟೆಲು ನಕ್ಕಿತು. "ನಾಕ ಮಂದ್ಯಾಗ ನನ್ನ ಮಾನಾ ಕಳದಿ" ಎಂದ ನೀಲಕಂಠಪ್ಪ ಮತ್ತೆ ಕರೆದೊಯ್ಯಲಿಲ್ಲ.

ಮೊದಲ ವರ್ಷಗಳಲ್ಲಿ ಬೆರಳಿಗೆ ಹಂಚು ತಾಗಿದರೆ ಚುರ್ ಎನ್ನುತ್ತಿತ್ತು, ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಆಮೇಲೆ ತುದಿಬೆರಳ ಚರ್ಮ ದಪ್ಪಗಾಯಿತು. ಬೆಂದ ರೊಟ್ಟಿಯನ್ನು ಬರಿಗೈಯಲ್ಲೇ ಎತ್ತಿ ಬುಟ್ಟಿಗೆ ಒಗೆಯುವಳು, ಬಿಸಿ ಗೊತ್ತಾಗುತ್ತಿರಲಿಲ್ಲ. ಬರಬರುತ್ತ ಉಳಿದದ್ದೂ ಹಾಗೇ ಆಯಿತು. ಹಬ್ಬ ಬಂದರೆ ಹೋಳಿಗೆ, ಮಳೆ ಬಂದರೆ ತಗಡಿನ ಸಪ್ಪಳ, ಅತ್ತೆ ಸತ್ತರೆ ಸಾವು. ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. "ಏನ ಗಟ್ಟಿ ಜೀವಪಾ" ಎಂದು ಮಂದಿ ಮೆಚ್ಚಿಕೊಂಡರು. ಮೆಚ್ಚುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಇಷ್ಟರಲ್ಲಿ ಗುಡ್ಡವೂ ಮೊದಲಿನಂತೆ ಉಳಿಯಲಿಲ್ಲ. ತೊಂಬತ್ತರ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ ಕಲ್ಲಿನ ಖಣಿ ಶುರುವಾಯಿತು. ಕಲ್ಲಿಗೆ ತುಂಬಿದ ಸುರಂಗದ ಮದ್ದು ಸಿಡಿಯುವ ಮೊದಲು ಖಣಿಯವರು ಸೀಟಿ ಊದುತ್ತಿದ್ದರು. ಸೀಟಿ ಕೇಳಿದ ಕೂಡಲೇ ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ತಟ್ಟೆಯ ಮೇಲೆ ಅಂಗೈ ಮುಚ್ಚಿ ಮಾತು ನಿಲ್ಲಿಸುವರು. ಢಂ ಎನ್ನುವುದು, ತಗಡು ನಡುಗಿ ಧೂಳು ಸುರಿಯುವುದು, ಮತ್ತೆ ಎಲ್ಲರೂ ಅದೇ ತುತ್ತನ್ನು ಎತ್ತಿಕೊಳ್ಳುವರು. ಆ ದಿನಗಳಲ್ಲಿ ಬೆಂಚು ಖಾಲಿ ಇದ್ದದ್ದೇ ಇಲ್ಲ. ಕಲ್ಲು ಒಡೆಯುವವರ ಹಸಿವೆ ಕಲ್ಲಿನಷ್ಟೇ ಗಟ್ಟಿ. ಅವರಲ್ಲಿ ನಿಜಾಮುದ್ದೀನನೂ ಒಬ್ಬ. ಅವನ ಹೆಂಡತಿ ಕರೀಮಾಬಿ ಜಲ್ಲಿಯ ಬುಟ್ಟಿ ಹೊರುತ್ತಿದ್ದಳು, ಮಧ್ಯಾಹ್ನ ಗಂಡನ ಜೊತೆ ಅದೇ ಬೆಂಚಿನ ಮೇಲೆ ಕುಳಿತು ಝುಣಕ, ರೊಟ್ಟಿ ಉಣ್ಣುತ್ತಿದ್ದಳು.

ಗುಡ್ಡ ಅಗೆದು ಇಲಿ ಹಿಡಿದರು ಎಂಬುದು ಹಳೆಯ ಗಾದೆ. ಇಲ್ಲಿ ಗುಡ್ಡ ಅಗೆದವರು ಸೈಟು ಹಿಡಿದರು. ಕಲ್ಲು ತೀರಿದ ಮೇಲೆ ಖಣಿ ನಿಂತಿತು, ಕಲ್ಲಿನವರು ಬೇರೆ ಗುಡ್ಡ ಹುಡುಕಿಕೊಂಡು ಹೋದರು. ಉಳಿದ ಗರಸು ಮಣ್ಣನ್ನು ಟ್ರ್ಯಾಕ್ಟರುಗಳು ರಸ್ತೆಗೆ ಹೊತ್ತು ಹಾಕಿದವು. ಆಮೇಲೆ ಮೂಡಲಿನ ಇಳಿಜಾರನ್ನು ಮಟ್ಟ ಮಾಡಿ, ಗೂಟ ಬಡಿದು, ಒಂದು ಬಡಾವಣೆ ಎಬ್ಬಿಸಿದರು. ಗಿರಿಯನ್ನು ಕೆಡವಿ ಕಟ್ಟಿದ ಆ ಬಡಾವಣೆಗೆ 'ಗಿರಿದರ್ಶಿನಿ ನಗರ' ಎಂದು ಹೆಸರಿಟ್ಟರು. ಇಂಥ ಹೆಸರಿಡುವವರ ಧೈರ್ಯಕ್ಕೆ ಕೈ ಮುಗಿಯಬೇಕು. ಕೆಳಗಿನ ಓಣಿಯ ಹಳೆಯ ಮನೆಗಳು ಅರ್ಧಕ್ಕರ್ಧ ಹೋದವು. ಉಳಿದವರು ಹೊಸ ಬಂಗಲೆಗಳ ಮಗ್ಗುಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು. ನಿಜಾಮುದ್ದೀನನ ಸಂಸಾರವೂ ಇಲ್ಲೇ ಉಳಿಯಿತು, ಕರೀಮಾಬಿ ಜಲ್ಲಿ ಬುಟ್ಟಿ ಬಿಟ್ಟು ಬಂಗಲೆಗಳಲ್ಲಿ ಪಾತ್ರೆ ತಿಕ್ಕತೊಡಗಿದಳು.

ಖಾನಾವಳಿ ಮಾತ್ರ ಉಳಿಯಿತು. ಅದು ನಿಂತ ಜಾಗ ಅತ್ತೆಯ ಮಾವನ ಹೆಸರಿನಲ್ಲಿತ್ತು, ಯಾರೂ ಮುಟ್ಟಲಾಗಲಿಲ್ಲ. ಆದರೆ ಸುತ್ತಲ ನೆಲ ಹೋಯಿತು. ಕಟ್ಟಡದ ಮುಂದಿನ ಅರ್ಧ ಖಾನಾವಳಿ, ಹಿಂದಿನ ಅರ್ಧ ಮನೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಖಾನಾವಳಿಗೆ ಬೇರೆ ಒಲೆ, ಮನೆಗೆ ಬೇರೆ ಒಲೆ. ಮೊದಲು ಹೊರಗಿನಿಂದಲೂ ಖಾನಾವಳಿಯ ಮುಂಬಾಗಿಲಿನಿಂದ ಮನೆಯ ಹಿಂಬಾಗಿಲಿಗೆ ಸುತ್ತಿಕೊಂಡು ಹೋಗಬಹುದಿತ್ತು. ಈಗ ಒಂದು ಮಗ್ಗುಲಲ್ಲಿ ಖಣಿಯ ಪ್ರಪಾತ, ಇನ್ನೊಂದು ಮಗ್ಗುಲಲ್ಲಿ ಬಡಾವಣೆಯ ಕಂಪೌಂಡು. ಹೊರಗಿನಿಂದಲೇ ಹೋಗುತ್ತೇನೆ ಎಂದರೆ ಬಡಾವಣೆಯ ಪಾವಟಿಗೆಯ ಮೆಟ್ಟಿಲು ಇಳಿದು, ಬಂಗಲೆಗಳ ಬೀದಿ ಸುತ್ತಿ, ಹಿಂದಿನ ಹಳೇ ಕಾಲುದಾರಿ ಹತ್ತಿ ಮನೆಯ ಬಾಗಿಲಿಗೆ ಬರಬೇಕು. ಅಷ್ಟು ಸುತ್ತು ಯಾರಿಗೆ ಬೇಕು? ಗಂಡ ಹೆಂಡತಿ ಒಳಬಾಗಿಲಲ್ಲೇ ಓಡಾಡಿಕೊಂಡಿದ್ದರು.

ಗಿರಾಕಿಗಳೂ ಬದಲಾದರು. ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಹೊಟ್ಟೆ ಕರಗಿಸಲು ಗುಡ್ಡ ಹತ್ತುವ ಸಾಹೇಬರು, ಕರಗಿಸಿದ್ದನ್ನು ಅಲ್ಲೇ ಎರಡು ಬಿಸಿ ರೊಟ್ಟಿ, ಬೆಣ್ಣೆಯಿಂದ ತುಂಬಿಸಿಕೊಂಡು ಇಳಿಯುತ್ತಿದ್ದರು. ಚನ್ನಬಸವ್ವ ಕಲ್ಲಿನವರಿಗೂ ಅದೇ ರೊಟ್ಟಿ ಬಡಿದಳು, ಬೂಟಿನವರಿಗೂ ಅದೇ ರೊಟ್ಟಿ ಬಡಿದಳು.

ಎರಡು ಸಾವಿರದ ನಾಲ್ಕರಲ್ಲಿ, ಸುಗ್ಗಿ ಮುಗಿದ ಹೊತ್ತು, ಒಂದು ಬೆಳಿಗ್ಗೆ ನೀಲಕಂಠಪ್ಪ ನೀರಿನ ಕೊಡ ಇಳಿಸಿ, "ಯಾಕೋ ಎದಿ ಹಿಡದಂಗ ಆಗೇತಿ" ಎಂದು ಬೆಂಚಿನ ಮೇಲೆ ಅಡ್ಡಾದ. ಚನ್ನಬಸವ್ವ ಹಂಚಿನ ಮುಂದಿನಿಂದಲೇ, "ಏನ್ರೀ, ಛಾ ಕುಡೀತೀರೇನು?" ಎಂದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದಳು. ಆಮೇಲೆ ಅವಳಿಗೆ ಗೊತ್ತಾಯಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ, ಬೇಯಿಸಿ, ಬುಟ್ಟಿಗೆ ಹಾಕಿಯೇ ಎದ್ದಳು. ಇದನ್ನು ಕಂಡ ಬೂಟಿನವರೊಬ್ಬರು ಮುಂದೆ ತಿಂಗಳುಗಟ್ಟಲೆ ಕಂಡಕಂಡವರಿಗೆ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎದ್ದ ಮೇಲೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬುದು ಆ ಹೆಂಗಸಿಗೆ ತಿಳಿದಿರಲಿಲ್ಲ. ರೊಟ್ಟಿ ಮಗುಚುವುದು ತಿಳಿದಿತ್ತು.

ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣು ಮಾಡಿ ಬಂದವರ ಸ್ನಾನ ಮುಗಿಯುವುದರೊಳಗೆ ನೆಂಟರು, ಓಣಿಯವರು ತಮ್ಮ ತಮ್ಮ ಮನೆಯಿಂದ ರೊಟ್ಟಿ, ಪಲ್ಯ, ಅನ್ನ ಕಟ್ಟಿಕೊಂಡು ಬುತ್ತಿ ತರುತ್ತಾರೆ. ತಂದವರು ಇಟ್ಟು ಹೋಗುವಂತಿಲ್ಲ. ಹತ್ತಿರ ಕುಳಿತು, ತಟ್ಟೆಗೆ ಬಡಿಸಿ, "ಒಂದ ತುತ್ತರ ತಿನ್ರಿ" ಎಂದು ಒತ್ತಾಯಿಸಿ ಉಣಿಸಬೇಕು. ಕೆಳಗಿನ ಓಣಿಯಲ್ಲಿ ಚನ್ನಬಸವ್ವನ ಬುತ್ತಿ ಹೋಗದ ಸಾವಿನ ಮನೆ ಇರಲಿಲ್ಲ.

ಹೆಣದ ಮುಂದೆ ಗೋಡೆಗೆ ಒರಗಿ ಕುಳಿತಿದ್ದ ಅವಳ ತಲೆಯಲ್ಲಿ ಏನೂ ಓಡುತ್ತಿರಲಿಲ್ಲ. ಅಳುವವರು ಬಂದು ತಬ್ಬಿಕೊಂಡು ಅತ್ತರು, ಇವಳ ಕಣ್ಣು ಒಣಗಿಯೇ ಇತ್ತು. "ಎಮ್ಮಿ ಮ್ಯಾಲ ಮಳಿ ಹೊಯ್ದಂಗ ಕುಂತಾಳ ನೋಡವಾ" ಎಂದು ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು. ಆ ಜೋಮಿನ ನಡುವೆ ಒಂದೇ ಒಂದು ವಿಚಾರ ಎದ್ದಿತು: ಇವತ್ತು ನನಗೆ ಯಾರಾದರೂ ಬಡಿಸುತ್ತಾರೆ. ಗಂಡನ ಹೆಣದ ಮುಂದೆ ಊಟ ನೆನೆದಳು ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಬಂದ ವಿಚಾರ ಅದೇ.

ಗರಗದಿಂದ ಬಸಣ್ಣ ಬಂದ, ಕೈಯಲ್ಲಿ ದೊಡ್ಡ ಹೂವಿನ ಹಾರ. ಧಾರವಾಡದಿಂದ ನೀಲಕಂಠಪ್ಪನ ಅಕ್ಕ ಸಾವಕ್ಕ ಟೆಂಪೋ ತುಂಬ ಮಂದಿಯನ್ನು ಕಟ್ಟಿಕೊಂಡು ಬಂದಳು. ಓಣಿಯವರು ಬಂದರು. ಊದುಬತ್ತಿ ತಂದರು, ವಿಭೂತಿ ತಂದರು, ಬಿಲ್ವಪತ್ರಿ ತಂದರು. ಬುತ್ತಿಯನ್ನು ಒಬ್ಬರೂ ತರಲಿಲ್ಲ. ಮರೆತದ್ದಲ್ಲ. ಪ್ರತಿಯೊಬ್ಬರೂ ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಕೈ ಹಾಕಿ, ಒಂದು ಕ್ಷಣ ನಿಂತು, 'ಖಾನಾವಳಿ ಮನಿಗೆ ರೊಟ್ಟಿ ಏನ ಒಯ್ಯೋದು, ನಗ್ತಾರ' ಎಂದುಕೊಂಡು ಕೈ ಹಿಂದೆ ತೆಗೆದಿದ್ದರು. ತಾವೊಬ್ಬರು ತರದಿದ್ದರೇನು, ಇನ್ನೊಬ್ಬರು ತಂದಿರುತ್ತಾರೆ ಎಂದೂ ಅಂದುಕೊಂಡರು.

ಮಣ್ಣು ಮಾಡಿ, ಸ್ನಾನ ಮಾಡಿ ಬಂದ ಮಂದಿ ಎಲ್ಲಿ ಕೂಡಬೇಕು? ಕಾಲು ತಾನಾಗಿ ಖಾನಾವಳಿಯ ಕಡೆ ನಡೆಯಿತು. ಮೊದಲಿನಿಂದಲೂ ಕೂಡುತ್ತಿದ್ದ ಬೆಂಚುಗಳ ಮೇಲೆ ಸಾಲಾಗಿ ಕುಳಿತರು, ಕುಳಿತು ಒಲೆಯ ಕಡೆ ನೋಡಿದರು. ಸೂರ್ಯ ಇಳಿಯುತ್ತ ಬಂದಿದ್ದ, ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಸಾವಕ್ಕ ಒಳಗೆ ಬಂದು ಚನ್ನಬಸವ್ವನ ಬೆನ್ನ ಮೇಲೆ ಕೈ ಇಟ್ಟಳು.

"ಚನ್ನವ್ವಾ, ಮಂದಿ ಹಸ್ಕೊಂಡು ಕುಂತೈತಿ. ಒಂದೀಟ ರೊಟ್ಟಿ ಬಡೀತಿ ಏನವಾ? ಮನಿ ಒಲಿ ಹಚ್ಚಬಾರದು ಖರೇ. ಅದು ಖಾನಾವಳಿ ಒಲಿ ಅಲ್ಲೇನು, ಅದಕ್ಕ ದೋಷ ಇಲ್ಲ ತಗೋ."

ಶಾಸ್ತ್ರಕ್ಕೆ ಇಂಥ ಕಿಂಡಿ ತೋಡುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಚನ್ನಬಸವ್ವ ಸಾವಕ್ಕನ ಮುಖ ನೋಡಿದಳು. ಎದ್ದಳು. ತಲೆಯ ಮೇಲೆ ನೀರು ಹಾಕಿಕೊಂಡ ಕೂದಲು ಇನ್ನೂ ಒಣಗಿರಲಿಲ್ಲ. ಒಲೆ ಹೊತ್ತಿಸಿ, ಎಸರಿಟ್ಟು, ಹಿಟ್ಟು ನಾದಿ, ಬಳೆ ಇಲ್ಲದ ಕೈಯಲ್ಲಿ ಬಡಿಯಲು ಶುರು ಮಾಡಿದಳು. ಕೆಳಗಿನ ಓಣಿಯಲ್ಲಿ ಆ ಸಪ್ಪಳ ಕೇಳಿದವರು, ಅಬ್ಬಾ, ಖಾನಾವಳಿ ಚಾಲೂ ಆಯಿತು ಎಂದು ಸಮಾಧಾನ ಪಟ್ಟರು.

ಹಂಚಿನ ಮುಂದೆ ಕುಳಿತೇ ಅವಳು ಒಂದು ನಿರ್ಧಾರ ಮಾಡಿದಳು. ಯಾರಾದರೂ ತಂದು ಬಡಿಸುವವರೆಗೂ ಬಾಯಿಗೆ ಅನ್ನ ಹಾಕುವುದಿಲ್ಲ. ಅದು ಸಿಟ್ಟಲ್ಲ. ಸಿಟ್ಟು ಬರಬೇಕಾದರೂ ಒಳಗೆ ಏನಾದರೂ ಬೆಚ್ಚಗಿರಬೇಕು. ಹಠವೂ ಅಲ್ಲ, ಯಾರಿಗೂ ಹೇಳಲಿಲ್ಲವಲ್ಲ. ಸತ್ತ ಮನೆಯವರು ಬುತ್ತಿ ಉಣ್ಣಬೇಕು, ಬುತ್ತಿ ಬಂದಿಲ್ಲ, ಆದ್ದರಿಂದ ತಾನು ಉಂಡಿಲ್ಲ. ಅವಳ ಲೆಕ್ಕ ಅಷ್ಟು ಸರಳ.

ಮೂರನೆಯ ದಿನ, ಹಾಲು ತುಪ್ಪಕ್ಕೆ, ಇನ್ನಷ್ಟು ಮಂದಿ ಬಂದರು, ಇನ್ನಷ್ಟು ರೊಟ್ಟಿ ಆದವು. ಬಸಣ್ಣ ಎಣ್ಣೆಗಾಯಿ ಬಾಯಿಗಿಟ್ಟುಕೊಂಡು, "ಏನಾದ್ರೂ ಅನ್ನವಾ, ನಿನ್ನ ಕೈ ರುಚಿ ಹಂಗs ಐತಿ" ಎಂದ. ಎಂದ ಮೇಲೆ ಸಂದರ್ಭ ನೆನಪಾಗಿ ಮುಖ ಸಣ್ಣದು ಮಾಡಿದ. ಚನ್ನಬಸವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳ ಹೊಟ್ಟೆಗೆ ಬಿದ್ದದ್ದು ಛಾ, ನೀರು. ಹಸಿವೆ ಆಗುತ್ತದೆ ಎಂದುಕೊಂಡಿದ್ದಳು, ಅದೂ ಆಗಲಿಲ್ಲ. ಅಡಿಗೆ ಮಾಡಿದವಳು ಕೊನೆಗೆ ಒಬ್ಬಳೇ ಉಣ್ಣುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ, ಹಾಗಾಗಿ ಯಾರೂ ನೋಡಲಿಲ್ಲ. ಸಾವಕ್ಕ ಟೆಂಪೋ ಹತ್ತುತ್ತ, "ನೀ ಉಂಡೇನವಾ?" ಎಂದು ಕೇಳಿದ್ದು ನಿಜ. ಉತ್ತರ ಬರುವುದರೊಳಗೆ ಡ್ರೈವರ್ ಗಾಡಿ ಚಾಲೂ ಮಾಡಿದ್ದ.

ಮರುದಿನ ಬೆಳಿಗ್ಗೆ ಬೂಟಿನ ಸಾಹೇಬರೊಬ್ಬರು, ಊರಲ್ಲಿ ಇರದಿದ್ದವರು, ಎಂದಿನಂತೆ ಬಂದು ಕುಳಿತರು. ಬೆಣ್ಣೆ ಸವರಿಕೊಳ್ಳುತ್ತ ಆಚೀಚೆ ನೋಡಿ, "ಯಜಮಾನ್ರು ಎಲ್ರಿ? ಕಾಣವಲ್ರು" ಎಂದರು.

"ತೀರಿಕೊಂಡ್ರು," ಎಂದಳು ಚನ್ನಬಸವ್ವ.

ಸಾಹೇಬರು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅರ್ಧ ಎದ್ದರು. ಉಣ್ಣಬೇಕೋ ಬಿಡಬೇಕೋ ತಿಳಿಯದೆ ಮತ್ತೆ ಕುಳಿತು, ಬೇಗ ಬೇಗ ಉಂಡು, "ಭಾಳ ಛಲೋ ಮನಷ್ಯಾ ಇದ್ರು" ಎಂದು ಇಳಿದು ಹೋದರು.

ಅವರು ಹೋದ ಮೇಲೆ ಯಾರೂ ಬರಲಿಲ್ಲ. ಚನ್ನಬಸವ್ವನಿಗೆ ಎದ್ದು ನಿಂತರೆ ತಲೆ ಗಿರ್ ಎನ್ನುತ್ತಿತ್ತು. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ನೆಂಟರು ಬಂದು ಹೋದರು, ಓಣಿಯವರು ಬಂದು ಹೋದರು, ಇನ್ನು ಬರುವವರು ಯಾರೂ ಇಲ್ಲ ಎಂಬುದು ಅವಳಿಗೆ ತಿಳಿಯಿತು. ಬುಟ್ಟಿಯಿಂದ ಮೂರು ರೊಟ್ಟಿ ತೆಗೆದಳು. ಮೇಲೆ ಗುರೆಳ್ಳು ಚಟ್ನಿ, ಒಂದಿಷ್ಟು ಕಾಳು ಪಲ್ಯ. ಸಾವಿನ ಮನೆಗೆ ಒಯ್ಯುವಾಗ ಕಟ್ಟುವಂತೆ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಒಳಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಆದರೆ ಒಳಬಾಗಿಲಿನಿಂದ ಬಂದದ್ದು ಬುತ್ತಿ ಹೇಗಾಗುತ್ತದೆ? ಬುತ್ತಿ ಹೊರಗಿನಿಂದ ಬರಬೇಕು. ಖಾನಾವಳಿಯ ಬಾಗಿಲಿಗೆ ಚಿಲಕ ಹಾಕಿ, ಗಂಟನ್ನು ಸೊಂಟಕ್ಕಿಟ್ಟುಕೊಂಡು, ಬಡಾವಣೆಯ ಪಾವಟಿಗೆ ಇಳಿದಳು.

ಬಂಗಲೆಗಳ ಬೀದಿಯಲ್ಲಿ ಅವಳು ನಡೆದದ್ದು ಅದೇ ಮೊದಲು. ಗೇಟಿನ ಹಿಂದಿನಿಂದ ಒಂದು ನಾಯಿ ಬೊಗಳಿತು. ಒಬ್ಬ ಹೆಂಗಸು ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದವಳು ನೋಡಿ, ನೋಡದವಳಂತೆ ತಿರುಗಿದಳು. ಬಿಸಿಲು ಏರಿತ್ತು. ಬೀದಿ ಮುಗಿದು ಕಾಲುದಾರಿ ಶುರುವಾಗುವಲ್ಲಿ ಒಂದು ನಳ, ನಳದ ಹತ್ತಿರ ಕರೀಮಾಬಿ ಕೊಡ ತುಂಬಿಸುತ್ತಿದ್ದಳು. ಬಿಳಿ ಗಂಟು ಕಂಡು ಅವಳು ಸೆರಗು ತಲೆಗೆಳೆದುಕೊಂಡಳು.

"ಅಯ್ಯ ಅಕ್ಕಾರ, ನಿಮ್ಮ ಮನ್ಯಾಗs ಹಿಂಗಾಗೇತಿ, ನೀವು ಬುತ್ತಿ ತಗೊಂಡು ಹೊಂಟೀರೇನ್ರಿ? ಯಾರ ಮನಿಗ್ರಿ? ಯಾರ ಹೋದ್ರು?"

ಚನ್ನಬಸವ್ವ ನಿಂತಳು.

"ಗುಡ್ಡದ ನೀಲಕಂಠಪ್ಪನ ಮನಿಗೆ," ಎಂದಳು.

ಇಷ್ಟು ವರ್ಷದಲ್ಲಿ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇವಳಿಗೆ ತಲೆಕೆಟ್ಟಿದೆಯೇನೋ ಎಂದುಕೊಂಡು ಕರೀಮಾಬಿ ಅವಳ ಮುಖ ನೋಡಿದಳು. ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ತುಟಿ ಒಣಗಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಕರೀಮಾಬಿ ಮೆಲ್ಲಗೆ ಕೇಳಿದಳು.

"ಯಾರೂ ತರಲಿಲ್ಲೇನ್ರಿ?"

"ಇಲ್ಲ."

"ಅಷ್ಟು ಮಂದಿ ಬಂದಿದ್ರಲ್ರಿ?"

"ಉಂಡು ಹೋದ್ರು."

ಕೊಡ ತುಂಬಿ ಹರಿಯುತ್ತಿತ್ತು. ಕರೀಮಾಬಿ ನಳ ನಿಲ್ಲಿಸಿದಳು. "ನಾ ಅವತ್ತ ಮಾಡಿ ಕಟ್ಟಿಟ್ಟಿದ್ದೆರಿ," ಎಂದಳು. "ಬಾಗಲದ ತನಕಾ ಬಂದೆ. ನಿಮ್ಮ ಮಂದಿ ಏನಂತಾರೋ ಅಂತ ಅಂಜಿಕಿ ಬಂತು. ಹೊಳ್ಳಿ ಹೋದೆ." ಆಮೇಲೆ ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. "ಆ ಗಂಟು ಕೊಡ್ರಿ ಇಲ್ಲೆ. ನೀವು ಮುಂದ ಹೋಗಿ, ಬಾಗಲಾ ತಗದು, ಒಳಗ ಕುಂದರ್ರಿ. ಬುತ್ತಿ ಹಿಂದಿಂದ ಬರ್ತೈತಿ."

ಚನ್ನಬಸವ್ವ ಗಂಟು ಕೊಟ್ಟಳು. ಕಾಲುದಾರಿಯಲ್ಲಿ ಎರಡು ಸಲ ನಿಂತು, ಹತ್ತಿ, ಮನೆಯ ಬಾಗಿಲು ತೆಗೆದು, ಗೋಡೆಗೆ ಒರಗಿ ಕುಳಿತಳು. ಕೈಗೆ ಏನೂ ಕೆಲಸವಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕುಳಿತಳು. ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಖಾನಾವಳಿಯ ಬೆಂಚಿನ ಮೇಲೆ ಎಷ್ಟೋ ವರ್ಷ ಉಂಡ ಕರೀಮಾಬಿ ಈ ಬಾಗಿಲು ದಾಟಿದ್ದು ಇವತ್ತೇ. ಹೊಸ್ತಿಲಲ್ಲಿ ಒಂದು ಗಳಿಗೆ ತಡೆದಳು, ಆಮೇಲೆ ಒಳಗೆ ಬಂದು, ಗೂಡಿನಲ್ಲಿದ್ದ ತಟ್ಟೆ ತೆಗೆದು, ಎದುರಿಗೆ ಕುಳಿತು ಗಂಟು ಬಿಚ್ಚಿ ಬಡಿಸಿದಳು.

"ಒಂದ ತುತ್ತರ ತಿನ್ರಿ, ಅಕ್ಕಾರ."

ಇಲ್ಲಿ ಚನ್ನಬಸವ್ವ ಬಿಕ್ಕಿ ಬಿಕ್ಕಿ ಅತ್ತಳು ಎಂದರೆ ಕೇಳುವವರಿಗೂ ಹಗುರಾಗುತ್ತಿತ್ತು. ಅವಳು ಅಳಲಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟುಕೊಂಡು, ಬಹಳ ಹೊತ್ತು ಅಗಿದಳು. ನುಂಗಲು ಕಷ್ಟವಾಯಿತು, ಕರೀಮಾಬಿ ನೀರು ಕೊಟ್ಟಳು. ಎರಡನೆಯ ತುತ್ತು ಇಳಿಯಿತು. ಮೊದಲ ರೊಟ್ಟಿ ಮುಗಿಯಿತು, ಕೇಳದೆಯೇ ಎರಡನೆಯದು ತಟ್ಟೆಗೆ ಬಿತ್ತು, ಮೂರನೆಯದೂ ಬಿತ್ತು. ಅದರ ಕೊನೆಯ ಚೂರಿನಿಂದ ತಟ್ಟೆಯ ಚಟ್ನಿಯನ್ನೆಲ್ಲ ಒರೆಸಿಕೊಂಡು ತಿಂದು ಅವಳು ತಲೆ ಎತ್ತಿದಳು.

"ಇನ್ನ ಇಲ್ಲೇನವಾ?"

ಕರೀಮಾಬಿ ಖಾಲಿ ಅರಿವೆ ಕೊಡವಿ ತೋರಿಸಿದಳು. ಒಳಬಾಗಿಲ ಆಚೆ ಖಾನಾವಳಿಯ ಬುಟ್ಟಿಯಲ್ಲಿ ರೊಟ್ಟಿ ಇದ್ದವು. ಅದು ಇಬ್ಬರಿಗೂ ಗೊತ್ತು. ಆ ಕಡೆ ಇಬ್ಬರೂ ನೋಡಲಿಲ್ಲ.

"ನಮ್ಮ ಮನ್ಯಾಗ ಅದಾವ್ರಿ," ಎಂದಳು ಕರೀಮಾಬಿ, ಕೆಳಗೆ ನೋಡುತ್ತ. "ಮುಂಜಾನಿವು. ನಾ ಮಾಡಿದ್ದು. ನಡೀತೈತಂದ್ರ... ತರ್ಲೇನ್ರಿ?"

"ತಾ," ಎಂದಳು ಚನ್ನಬಸವ್ವ. "ಲಗೂನ ತಾ. ಹಸಿವಾಗೇತಿ."